ಇಲ್ಯಾ ಮೆಚ್ನಿಕಾಫ್: ಉರಿಯೂತದ ಗುಟ್ಟು ಬಿಡಿಸಿದ ವಿಜ್ಞಾನಿ

ಗದ್ದೆಯ ಬದುವಿನಲ್ಲೋ ಅಡಿಕೆ ತೋಟದಲ್ಲೋ ಬರಿಗಾಲಲ್ಲಿ ಓಡಾಡುವವರಿಗೆ ಮುಳ್ಳು ಚುಚ್ಚುವುದು ಹೊಸತಲ್ಲ. ಕೂಡಲೇ ಕಿತ್ತು ಬಿಸಾಡಿದರೆ ಸರಿ. ತುದಿ ಒಳಗೇ ಮುರಿದು ಉಳಿಯಿತೆಂದರೆ ಮರುದಿನ ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದಿಕೊಳ್ಳುತ್ತದೆ, ಮುಟ್ಟಿದರೆ ನೋಯುತ್ತದೆ. ಇನ್ನೆರಡು ದಿನ ಬಿಟ್ಟರೆ ಕೀವು ಕಟ್ಟುತ್ತದೆ. ನಂಜಾಯಿತು ಎನ್ನುತ್ತೇವೆ. ಕೆಂಪು, ಬಿಸಿ, ಊತ, ನೋವು ಎಂಬ ಈ ನಾಲ್ಕು ಲಕ್ಷಣಗಳನ್ನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ರೋಮಿನ ಸೆಲ್ಸಸ್ ಎಂಬ ಲೇಖಕ ಪಟ್ಟಿ ಮಾಡಿಟ್ಟಿದ್ದ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಉರಿಯೂತ ಎಂದು ಹೆಸರು. ಲಕ್ಷಣ ಎಲ್ಲರಿಗೂ ಗೊತ್ತಿತ್ತು, ಕಾರಣ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ದೊಡ್ಡ ದೊಡ್ಡ ವೈದ್ಯರು ಸಹ ಉರಿಯೂತವೆಂದರೆ ದೇಹಕ್ಕೆ ಆದ ಹಾನಿ, ಅದು ರೋಗದ ಒಂದು ಭಾಗ ಎಂದೇ ತಿಳಿದಿದ್ದರು. ಕೀವಿನಲ್ಲಿ ಕಾಣುವ ಬಿಳಿ ರಕ್ತಕಣಗಳ ಹೊಟ್ಟೆಯೊಳಗೆ ರೋಗಾಣುಗಳಿದ್ದುದನ್ನು ಕಂಡು, ಈ ಕಣಗಳೇ ರೋಗಾಣುಗಳನ್ನು ಹೊತ್ತು ಮೈಯೆಲ್ಲ ಹಂಚುತ್ತವೆ ಎಂದು ಕೆಲವರು ಬರೆದದ್ದೂ ಉಂಟು.

ಇದನ್ನು ತಲೆಕೆಳಗು ಮಾಡಿದವರು ವೈದ್ಯರಲ್ಲ. ಹುಳುಹುಪ್ಪಟೆ, ಸಮುದ್ರದ ಸಣ್ಣ ಜೀವಿಗಳ ಮೇಲೆ ಅಧ್ಯಯನ ಮಾಡುತ್ತಿದ್ದ ಒಬ್ಬ ಪ್ರಾಣಿಶಾಸ್ತ್ರಜ್ಞ. ಅವರೇ ಇಲ್ಯಾ ಮೆಚ್ನಿಕಾಫ್.

ಅಂದಿನ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ, ಈಗ ಉಕ್ರೇನ್ ದೇಶದಲ್ಲಿರುವ ಖಾರ್ಕೊವ್ ಸಮೀಪದ ಹಳ್ಳಿಯೊಂದರಲ್ಲಿ 1845ರ ಮೇ ತಿಂಗಳಲ್ಲಿ ಅವರು ಹುಟ್ಟಿದರು. ಐವರು ಮಕ್ಕಳಲ್ಲಿ ಕಿರಿಯವರು. ತಂದೆ ಸೈನ್ಯದ ಅಧಿಕಾರಿ. ತಾಯಿಯದು ಮೂಲತಃ ಯಹೂದಿ ಮನೆತನ. ಮಗನ ಓದಿಗೆ ಬೆನ್ನೆಲುಬಾಗಿ ನಿಂತವರು ತಾಯಿ. ಖಾರ್ಕೊವ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ವಿಜ್ಞಾನ ಪದವಿಯನ್ನು ಎರಡೇ ವರ್ಷದಲ್ಲಿ ಮುಗಿಸಿದಾಗ ಅವರಿಗೆ ಹತ್ತೊಂಬತ್ತು. ಅಲ್ಲಿಂದ ಜರ್ಮನಿ, ಇಟಲಿ ಎಂದು ಸುತ್ತಿ ಸಮುದ್ರಜೀವಿಗಳ ಭ್ರೂಣ ಬೆಳೆಯುವ ಬಗೆಯನ್ನು ಅಭ್ಯಾಸ ಮಾಡಿದರು. 1865ರಲ್ಲಿ ಜರ್ಮನಿಯ ಗೀಸನ್‌ನಲ್ಲಿದ್ದಾಗ ಒಂದು ಚಪ್ಪಟೆ ಹುಳುವಿನಲ್ಲಿ ಅವರು ಕಂಡ ಸಂಗತಿ ಮುಂದೆ ಬಹಳ ಉಪಯೋಗಕ್ಕೆ ಬಂತು: ಆ ಹುಳುವಿನ ಕೋಶಗಳು ಆಹಾರದ ಕಣವನ್ನು ಇಡಿಯಾಗಿ ನುಂಗಿ ತಮ್ಮೊಳಗೇ ಕರಗಿಸಿಕೊಳ್ಳುತ್ತಿದ್ದವು. ಆಗ ಅದಕ್ಕೆ ಅವರು ಅಷ್ಟೇನೂ ಮಹತ್ವ ಕೊಡಲಿಲ್ಲ.

ಒಡೆಸ್ಸಾ ಮತ್ತು ಸೇಂಟ್ ಪೀಟರ್ಸ್‌ಬರ್ಗ್‌ಗಳಲ್ಲಿ ಅಧ್ಯಾಪಕರಾದ ಮೇಲಿನ ವರ್ಷಗಳು ಸುಖದವಲ್ಲ. ಕಣ್ಣಿನ ತೊಂದರೆಯಿಂದ ಸೂಕ್ಷ್ಮದರ್ಶಕ ನೋಡುವುದೇ ಕಷ್ಟವಾಯಿತು. 1869ರಲ್ಲಿ ಮದುವೆಯಾದ ಲುದ್ಮಿಲಾಗೆ ಆಗಲೇ ಕ್ಷಯ ರೋಗವಿತ್ತು; ನಡೆಯಲಾರದ ವಧುವನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತರಬೇಕಾಯಿತು. ಹೆಂಡತಿಯನ್ನು ಬೆಚ್ಚಗಿನ ಊರುಗಳಿಗೆ ಕರೆದೊಯ್ಯುತ್ತ, ಔಷಧಿಯ ಖರ್ಚಿಗಾಗಿ ಅನುವಾದ, ಪಾಠ ಎಂದು ದುಡಿಯುತ್ತ ನಾಲ್ಕು ವರ್ಷ ಕಳೆದರು. 1873ರಲ್ಲಿ ಮದೀರಾ ದ್ವೀಪದಲ್ಲಿ ಲುದ್ಮಿಲಾ ತೀರಿಕೊಂಡರು. ದುಃಖ ತಡೆಯಲಾರದೆ ಮೆಚ್ನಿಕಾಫ್ ತಮ್ಮ ಪ್ರಾಣವನ್ನೂ ಕಳೆದುಕೊಳ್ಳಲು ಹೊರಟು, ಹೇಗೋ ಉಳಿದರು. ದೀಪದ ಸುತ್ತ ಹಾರುತ್ತಿದ್ದ ಕೀಟಗಳನ್ನು ಕಂಡು, ಕೆಲವೇ ಗಂಟೆ ಬದುಕುವ ಇವುಗಳಿಗೆ ವಿಕಾಸದ ನಿಯಮ ಹೇಗೆ ಅನ್ವಯಿಸುತ್ತದೆ ಎಂಬ ಪ್ರಶ್ನೆ ಮನಸ್ಸಿಗೆ ಬಂದು, ಅದರ ಹಿಂದೆ ಹೋಗಿ ಮತ್ತೆ ಕೆಲಸಕ್ಕೆ ಮರಳಿದರೆಂದು ಅವರ ಜೀವನ ಬರೆದವರು ಹೇಳುತ್ತಾರೆ. ಎರಡು ವರ್ಷದ ನಂತರ ಓಲ್ಗಾ ಎಂಬವರನ್ನು ಮದುವೆಯಾದರು. ಇನ್ನು ನಲವತ್ತು ವರ್ಷ ಅವರ ಜೊತೆ ನಿಂತು, ಪ್ರಯೋಗಾಲಯದಲ್ಲೂ ಕೈಜೋಡಿಸಿ, ಕೊನೆಗೆ ಅವರ ಜೀವನಚರಿತ್ರೆಯನ್ನೂ ಬರೆದವರು ಈ ಓಲ್ಗಾ.

ಓಲ್ಗಾರನ್ನೂ ರೋಗ ಬಿಡಲಿಲ್ಲ. 1880ರಲ್ಲಿ ಅವರಿಗೆ ಕಠಿಣವಾದ ಟೈಫಾಯ್ಡ್ ಬಂತು. ನಮ್ಮ ಹಿರಿಯರು ವಿಷಮಶೀತ ಜ್ವರ ಎನ್ನುತ್ತಿದ್ದದ್ದು ಇದೇ. ಆ ರೋಗದ ಬ್ಯಾಕ್ಟೀರಿಯಾವನ್ನು ಎಬರ್ತ್ ಎಂಬ ವಿಜ್ಞಾನಿ ಗುರುತಿಸಿದ್ದು ಅದೇ 1880ರಲ್ಲಿ. ಔಷಧಿ ಬರಲು ಇನ್ನೂ ಅರವತ್ತೆಂಟು ವರ್ಷ ಬಾಕಿ ಇತ್ತು. ಓಲ್ಗಾ ಬದುಕಿದರು. ಆದರೆ ಮೆಚ್ನಿಕಾಫ್ ಸೋತುಹೋದರು. ಮರುವರ್ಷ ಅವರು ಮರುಕಳಿಸುವ ಜ್ವರದ ರೋಗಿಯ ರಕ್ತವನ್ನು ತಮಗೇ ಚುಚ್ಚಿಕೊಂಡು ತೀವ್ರ ಕಾಯಿಲೆ ಬಿದ್ದರು. ಅದೇ 1881ರ ಮಾರ್ಚ್‌ನಲ್ಲಿ ರಷ್ಯಾದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಕೊಲೆಯಾಗಿ, ವಿಶ್ವವಿದ್ಯಾಲಯಗಳಲ್ಲಿ ಪೊಲೀಸರ ಕಾಟ, ರಾಜಕೀಯ ಹೆಚ್ಚಾದವು. 1882ರಲ್ಲಿ ಒಡೆಸ್ಸಾದ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಓಲ್ಗಾ ಮತ್ತು ಅವರ ತಮ್ಮತಂಗಿಯರನ್ನು ಕರೆದುಕೊಂಡು ಸಿಸಿಲಿ ದ್ವೀಪದ ಮೆಸ್ಸಿನಾ ಊರಿಗೆ ಹೋದರು. ಸಮುದ್ರದ ಪಕ್ಕದಲ್ಲೇ ಮನೆ. ಕೂರುವ ಕೋಣೆಯೇ ಪ್ರಯೋಗಾಲಯ.

ಒಂದು ದಿನ ಮನೆಯವರೆಲ್ಲ ಸರ್ಕಸ್ಸಿಗೆ ಹೋಗಿದ್ದರು. ಮೆಚ್ನಿಕಾಫ್ ಒಬ್ಬರೇ ಕುಳಿತು ನಕ್ಷತ್ರಮೀನಿನ ಮರಿಗಳನ್ನು ನೋಡುತ್ತಿದ್ದರು. ಈ ಮರಿಗಳು ಗಾಜಿನಂತೆ ಪಾರದರ್ಶಕ. ಕೊಯ್ಯದೆಯೇ ಒಳಗಿನದೆಲ್ಲ ಕಾಣುತ್ತದೆ. ಒಳಗೆ ಕೆಲವು ಕೋಶಗಳು ಅತ್ತಿತ್ತ ಹರಿದಾಡುತ್ತಿದ್ದವು. ಆಹಾರ ಕರಗಿಸುವ ಕೆಲಸಕ್ಕೆ ಅವುಗಳಿಗೆ ಸಂಬಂಧವಿರಲಿಲ್ಲ. ಹಾಗಾದರೆ ಇವು ಯಾಕೆ ತಿರುಗುತ್ತಿವೆ? ಹೊರಗಿನಿಂದ ಬಂದ ಅಪಾಯವನ್ನು ಎದುರಿಸಲಿಕ್ಕೆ ಇರಬಹುದೇ? ಹಾಗಿದ್ದರೆ ಈ ಮರಿಗೆ ಮುಳ್ಳು ಚುಚ್ಚಿದರೆ, ಮನುಷ್ಯನ ಬೆರಳಿಗೆ ಮುಳ್ಳು ಚುಚ್ಚಿದಾಗ ಆಗುವಂತೆ, ಈ ಕೋಶಗಳು ಅದರ ಸುತ್ತ ಸೇರಬೇಕು. ನಕ್ಷತ್ರಮೀನಿನ ಮರಿಗೆ ರಕ್ತನಾಳವಿಲ್ಲ, ನರಮಂಡಲ ಇದ್ದೂ ಇಲ್ಲದ ಹಾಗೆ. ಅಲ್ಲೂ ಹೀಗಾದರೆ ಉರಿಯೂತದ ಮೂಲ ರಕ್ತನಾಳದಲ್ಲಿಲ್ಲ, ಅಲೆದಾಡುವ ಈ ಕೋಶಗಳಲ್ಲಿದೆ ಎಂದಾಗುತ್ತದೆ. ತೋಟಕ್ಕೆ ಹೋಗಿ ಗುಲಾಬಿಯ ಮುಳ್ಳುಗಳನ್ನು ಕಿತ್ತು ತಂದು ಮರಿಗಳ ತೊಗಲಿನಡಿ ಸೇರಿಸಿದರು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಗಾಗುತ್ತಲೇ ಎದ್ದು ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು.

ಪ್ರಯೋಗ ಇಷ್ಟೇ. ದುಬಾರಿ ಯಂತ್ರವಿಲ್ಲ, ಅನುದಾನವಿಲ್ಲ. ಪ್ರಶ್ನೆ ಸರಿಯಾಗಿತ್ತು, ಅಷ್ಟೆ. ನಮ್ಮ ಪ್ರೌಢಶಾಲೆಗಳಲ್ಲಿ ಸೂಕ್ಷ್ಮದರ್ಶಕ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿರುವುದನ್ನು ಕಂಡಾಗ ಇದು ನೆನಪಾಗುತ್ತದೆ. ಹಾಗೆಯೇ ಇನ್ನೊಂದು: ಈ ಸಂಶೋಧನೆ ನಡೆದ ಮೆಸ್ಸಿನಾ ನಗರ, ಮೆಚ್ನಿಕಾಫ್‌ಗೆ ನೊಬೆಲ್ ಬಂದ 1908ರ ಡಿಸೆಂಬರ್ 28ರಂದೇ ಭೂಕಂಪಕ್ಕೆ ಸಿಕ್ಕಿ ನೆಲಸಮವಾಯಿತು.

ವಿಯೆನ್ನಾದ ಪ್ರಾಣಿಶಾಸ್ತ್ರಜ್ಞ ಕಾರ್ಲ್ ಕ್ಲಾಸ್ ಈ ನುಂಗುವ ಕೋಶಗಳಿಗೆ ಗ್ರೀಕ್ ಭಾಷೆಯಿಂದ ಫ್ಯಾಗೊಸೈಟ್ ಎಂಬ ಹೆಸರನ್ನು ಸೂಚಿಸಿದರು. ಕನ್ನಡದಲ್ಲಿ ಭಕ್ಷಕ ಕೋಶ ಎನ್ನಬಹುದು. ನೀರಿನ ಚಿಗಟವೆಂಬ ಸಣ್ಣ ಜೀವಿಯ ಮೈಯೊಳಗೆ ಶಿಲೀಂಧ್ರದ ಬೀಜಕಗಳು ಹೊಕ್ಕಾಗ ಇದೇ ಕೋಶಗಳು ಅವನ್ನು ನುಂಗುವುದನ್ನೂ, ನುಂಗಲಾಗದಿದ್ದರೆ ಆ ಜೀವಿ ಸಾಯುವುದನ್ನೂ 1884ರಲ್ಲಿ ಅವರು ತೋರಿಸಿಕೊಟ್ಟರು. ಅಂದರೆ ನುಂಗುವುದಕ್ಕೂ ಬದುಕುವುದಕ್ಕೂ ನೇರ ಸಂಬಂಧವಿತ್ತು.

ಊರಿಗೆ ಮರಳಿದ ಮೇಲೆ 1886ರಲ್ಲಿ ಒಡೆಸ್ಸಾದಲ್ಲಿ ಸ್ಥಾಪನೆಯಾದ ಬ್ಯಾಕ್ಟೀರಿಯಾ ಸಂಶೋಧನಾ ಕೇಂದ್ರಕ್ಕೆ ಅವರೇ ಮುಖ್ಯಸ್ಥರು. ಹುಚ್ಚುನಾಯಿ ಕಡಿತಕ್ಕೆ ಪಾಶ್ಚರ್ ಕಂಡುಹಿಡಿದ ಲಸಿಕೆಯನ್ನು ಅಲ್ಲಿ ಹಾಕುತ್ತಿದ್ದರು. ಆದರೆ ಮೆಚ್ನಿಕಾಫ್ ವೈದ್ಯರಲ್ಲವೆಂದು ಊರಿನ ವೈದ್ಯರಿಗೆ ಅಸಮಾಧಾನ. ಅಷ್ಟರಲ್ಲಿ ಅವರು ಊರಲ್ಲಿಲ್ಲದಾಗ ಕುರಿಗಳಿಗೆ ಹಾಕಿದ ನೆರಡಿ ರೋಗದ ಲಸಿಕೆ ಎಡವಟ್ಟಾಗಿ ಸಾವಿರಾರು ಕುರಿಗಳು ಸತ್ತವು. ಇನ್ನು ಇಲ್ಲಿ ಕೆಲಸ ಸಾಗದೆಂದು ತಿಳಿದು 1888ರಲ್ಲಿ ಪ್ಯಾರಿಸ್ಸಿಗೆ ಹೋಗಿ ಪಾಶ್ಚರರನ್ನು ಕಂಡರು. ಆ ವರ್ಷವೇ ತೆರೆಯಲಿದ್ದ ಪಾಶ್ಚರ್ ಸಂಸ್ಥೆಯಲ್ಲಿ ಅವರಿಗೆ ಒಂದು ಪ್ರಯೋಗಾಲಯ ಸಿಕ್ಕಿತು. ಮುಂದಿನ ಇಪ್ಪತ್ತೆಂಟು ವರ್ಷ ಅದೇ ಅವರ ಮನೆ.

ಅಲ್ಲಿ 1891ರಲ್ಲಿ ಅವರು ಉರಿಯೂತದ ಬಗ್ಗೆ ಸಾಲು ಉಪನ್ಯಾಸಗಳನ್ನು ಕೊಟ್ಟರು. ಮರುವರ್ಷ ಅದು ಪುಸ್ತಕವಾಯಿತು. ಒಂದೇ ಕೋಶದ ಅಮೀಬಾದಿಂದ ಹಿಡಿದು ಮನುಷ್ಯನವರೆಗೆ ಒಂದೊಂದೇ ಮೆಟ್ಟಿಲು ಹತ್ತಿಸುತ್ತ, ಉರಿಯೂತವೆಂದರೆ ರೋಗವಲ್ಲ, ರೋಗದ ವಿರುದ್ಧ ದೇಹ ಹೂಡುವ ಹೋರಾಟ ಎಂದು ಸಾಧಿಸಿದರು. ಕೆಂಪಾಗುವುದು, ಬಿಸಿಯಾಗುವುದು ಏಕೆಂದರೆ ಭಕ್ಷಕ ಕೋಶಗಳನ್ನು ಬೇಗ ತಲುಪಿಸಲು ರಕ್ತನಾಳಗಳು ಹಿಗ್ಗುತ್ತವೆ. ಊದುವುದು ಏಕೆಂದರೆ ನಾಳದ ಗೋಡೆ ಸಡಿಲವಾಗಿ ದ್ರವ ಹೊರಬರುತ್ತದೆ. ಕೀವು ಎಂದರೆ ಹೋರಾಡಿ ಸತ್ತ ಬಿಳಿ ಕಣಗಳ ರಾಶಿ.

ಇಲ್ಲಿ ಸ್ವಲ್ಪ ನಿಂತು, ಈ ಮಾತು ನಮ್ಮ ಹೊಟ್ಟೆಯೊಳಗೆ ಹೇಗೆ ನಿಜವಾಗುತ್ತದೆಂದು ನೋಡೋಣ. ಮೆಚ್ನಿಕಾಫ್‌ಗೆ ಆಗ ಗೊತ್ತಿರದ ಎಷ್ಟೋ ಸಂಗತಿಗಳು ಈಗ ತಿಳಿದಿವೆ. ಹೊಸಬಾಳೆಯಿರಲಿ, ಸೊರಬ ಶಿಕಾರಿಪುರದ ಯಾವ ಹಳ್ಳಿಯೇ ಇರಲಿ, ಮಳೆಗಾಲದ ಕೆಂಪು ನೀರು ಬಾವಿಗೆ ಇಳಿದಾಗ ಬರುವ ಆಮಶಂಕೆ ಯಾರಿಗೂ ಅಪರಿಚಿತವಲ್ಲ. ಹೊಟ್ಟೆ ನುಲಿತ, ಜ್ವರ, ಲೋಳೆಯ ಜೊತೆ ರಕ್ತ. ಅದು ಕಾಲಿನ ಮುಳ್ಳಿನ ನಂಜೇ, ಕರುಳಿನ ಗೋಡೆಯಲ್ಲಿ ಆದದ್ದು.

ಜೀರ್ಣನಾಳದ ಒಳಮೈಯನ್ನು ಬಿಚ್ಚಿ ಹಾಸಿದರೆ ಸುಮಾರು 30 ಚದರ ಮೀಟರ್ ಆಗುತ್ತದೆ. ಅಷ್ಟಕ್ಕೂ ಹೊದಿಕೆ ಒಂದೇ ಒಂದು ಸಾಲು ಕೋಶ. ಅದರ ಆಚೆ, ಮುಖ್ಯವಾಗಿ ದೊಡ್ಡ ಕರುಳಿನಲ್ಲಿ, ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳ ವಾಸ. ಇವೆಲ್ಲ ಶತ್ರುಗಳಲ್ಲ, ಹೆಚ್ಚಿನವು ಬಾಡಿಗೆದಾರರು, ಕೆಲವು ಉಪಕಾರಿಗಳು. ಎಲ್ಲವನ್ನೂ ಕಂಡಕಂಡಲ್ಲಿ ಹೊಡೆಯತೊಡಗಿದರೆ ಕರುಳೇ ಸುಟ್ಟುಹೋದೀತು. ಆದ್ದರಿಂದ ದೇಹ ಮೊದಲು ಗಲಾಟೆಯಿಲ್ಲದ ಕಾವಲು ಇಡುತ್ತದೆ. ಲೋಳೆಯ ಪದರ, ಬ್ಯಾಕ್ಟೀರಿಯಾ ಕೊಲ್ಲುವ ಸಣ್ಣ ಪ್ರೋಟೀನುಗಳು, ಐಜಿಎ ಎಂಬ ಪ್ರತಿಕಾಯ. ಗೋಡೆಯ ಹಿಂದೆ ಮೆಚ್ನಿಕಾಫ್ ಹೆಸರಿಟ್ಟ ಮ್ಯಾಕ್ರೊಫೇಜ್ ಎಂಬ ದೊಡ್ಡ ಭಕ್ಷಕ ಕೋಶಗಳು ಸದಾ ಇರುತ್ತವೆ; ಆದರೆ ಕರುಳಿನಲ್ಲಿರುವ ಮ್ಯಾಕ್ರೊಫೇಜ್‌ಗಳು ಬಂದದ್ದನ್ನು ನುಂಗಿ ಸುಮ್ಮನಿರುತ್ತವೆ, ಬೊಬ್ಬೆ ಹಾಕುವುದಿಲ್ಲ.

ಬೊಬ್ಬೆ ಹಾಕಬೇಕಾದ್ದು ಯಾವಾಗ? ಗೋಡೆ ದಾಟಿ ಯಾರಾದರೂ ಒಳಗೆ ಬಂದಾಗ. ಬ್ಯಾಕ್ಟೀರಿಯಾದ ಮೈಯಲ್ಲಿ ಮನುಷ್ಯನ ಮೈಯಲ್ಲಿ ಇಲ್ಲವೇ ಇಲ್ಲದ ಕೆಲವು ವಸ್ತುಗಳಿವೆ. ಹೊರಪೊರೆಯ ಕೊಬ್ಬುಸಕ್ಕರೆಯ ಸಂಯುಕ್ತ ಒಂದು. ಈಜಲು ಬಳಸುವ ಬಾಲದ ಪ್ರೋಟೀನು ಇನ್ನೊಂದು. ಇವನ್ನು ಗುರುತು ಹಿಡಿಯುವ ಗ್ರಾಹಕಗಳು ನಮ್ಮ ಕೋಶಗಳಲ್ಲಿವೆ. ಟೋಲ್ ಮಾದರಿಯ ಗ್ರಾಹಕಗಳು ಎಂದು ಅವಕ್ಕೆ ಹೆಸರು. ಹಣ್ಣಿನ ನೊಣದಲ್ಲಿ ಹಾಫ್‌ಮನ್ 1996ರಲ್ಲಿ, ಇಲಿಯಲ್ಲಿ ಬ್ಯೂಟ್ಲರ್ 1998ರಲ್ಲಿ ಇವುಗಳ ಕೆಲಸವನ್ನು ತೋರಿಸಿ 2011ರಲ್ಲಿ ನೊಬೆಲ್ ಪಡೆದರು. ಜಾಣತನವಿರುವುದು ಗ್ರಾಹಕವನ್ನು ಇಟ್ಟ ಜಾಗದಲ್ಲಿ. ಬಾಲದ ಪ್ರೋಟೀನನ್ನು ಹಿಡಿಯುವ ಗ್ರಾಹಕ ಕರುಳಿನ ಕೋಶದ ಕೆಳಬದಿಯಲ್ಲಿ, ಅಂದರೆ ಮನೆಯ ಒಳಗಿನ ಕಡೆ ಹೆಚ್ಚಾಗಿ ಇರುತ್ತದೆ. ಅಂಗಳದಲ್ಲಿ ಓಡಾಡುವವರನ್ನು ಅದು ಕೇಳುವುದಿಲ್ಲ. ಹಿತ್ತಿಲ ಬಾಗಿಲು ಮುರಿದು ಬಂದವನನ್ನು ಹಿಡಿಯುತ್ತದೆ. ಕೋಶದ ಒಳಗೇ ಕಾಯುವ ಬೇರೆ ಗ್ರಾಹಕಗಳೂ ಇವೆ.

ಒಮ್ಮೆ ಗುರುತು ಸಿಕ್ಕಿತೆಂದರೆ ಕೋಶದೊಳಗೆ ಎನ್‌ಎಫ್ ಕಪ್ಪಾ ಬಿ ಎಂಬ ಪ್ರೋಟೀನು ಕೋಶಕೇಂದ್ರಕ್ಕೆ ಹೋಗಿ, ಅಪಾಯದ ಕಾಲದ ಜೀನುಗಳನ್ನು ಎಬ್ಬಿಸುತ್ತದೆ. ಇಂಟರ್‌ಲ್ಯೂಕಿನ್, ಟಿಎನ್‌ಎಫ್ ಮುಂತಾದ ಸಂದೇಶ ಪ್ರೋಟೀನುಗಳು ಹೊರಬೀಳುತ್ತವೆ. ರಕ್ತನಾಳ ಹಿಗ್ಗುತ್ತದೆ, ಗೋಡೆ ಸಡಿಲವಾಗುತ್ತದೆ, ರಕ್ತದಲ್ಲಿ ಹರಿಯುತ್ತಿದ್ದ ನ್ಯೂಟ್ರೊಫಿಲ್ ಎಂಬ ಬಿಳಿ ಕಣಗಳು ವಾಸನೆ ಹಿಡಿದಂತೆ ಅತ್ತ ಧಾವಿಸುತ್ತವೆ. ನಮ್ಮ ಎಲುಬಿನ ಮಜ್ಜೆ ದಿನಕ್ಕೆ ಹತ್ತು ಸಾವಿರ ಕೋಟಿಯಷ್ಟು ನ್ಯೂಟ್ರೊಫಿಲ್‌ಗಳನ್ನು ತಯಾರಿಸುತ್ತದೆಂದರೆ ಅವುಗಳ ಖರ್ಚು ಎಷ್ಟಿರಬೇಕೆಂದು ಊಹಿಸಬಹುದು.

ಆಮಶಂಕೆ ತರುವ ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ ಈ ವ್ಯವಸ್ಥೆಯನ್ನೇ ಏಣಿ ಮಾಡಿಕೊಳ್ಳುತ್ತದೆ. ಹತ್ತರಿಂದ ನೂರು ಬ್ಯಾಕ್ಟೀರಿಯಾ ಹೊಟ್ಟೆ ಸೇರಿದರೂ ರೋಗ ಬರಬಹುದು. ಕರುಳಿನ ಒಂದು ಬಗೆಯ ಕೋಶದ ಮೂಲಕ ಅದು ಗೋಡೆ ದಾಟುತ್ತದೆ. ಹಿಂದೆ ಕಾದಿದ್ದ ಮ್ಯಾಕ್ರೊಫೇಜ್ ಅದನ್ನು ನುಂಗುತ್ತದೆ. ಆದರೆ ಒಳಗಿನಿಂದಲೇ ಅದನ್ನು ಸಿಡಿಸಿ ಹೊರಬರುತ್ತದೆ. ಸಿಡಿಯುವಾಗ ಮ್ಯಾಕ್ರೊಫೇಜ್ ಕೊನೆಯ ಕೂಗು ಹಾಕುತ್ತದೆ, ಆ ಕೂಗಿಗೆ ನ್ಯೂಟ್ರೊಫಿಲ್‌ಗಳ ದಂಡು ಬರುತ್ತದೆ. ಬರುವ ರಭಸಕ್ಕೆ ಕರುಳಿನ ಗೋಡೆಯ ಬೆಸುಗೆಗಳು ಬಿಟ್ಟುಕೊಳ್ಳುತ್ತವೆ, ಆ ಸಂದಿನಲ್ಲಿ ಇನ್ನಷ್ಟು ಶಿಗೆಲ್ಲಾ ಒಳನುಗ್ಗುತ್ತದೆ. ಕೊನೆಗೆ ಗೆಲ್ಲುವುದು ಸಾಮಾನ್ಯವಾಗಿ ನ್ಯೂಟ್ರೊಫಿಲ್‌ಗಳೇ. ಆದರೆ ಅಷ್ಟರಲ್ಲಿ ಗೋಡೆ ಹುಣ್ಣಾಗಿ, ಮಲದಲ್ಲಿ ರಕ್ತ ಕೀವು ಕಾಣಿಸಿಕೊಂಡಿರುತ್ತದೆ. ಪಠ್ಯಪುಸ್ತಕಗಳು ಬಿಳಿ ರಕ್ತಕಣಗಳನ್ನು ದೇಹದ ಸೈನಿಕರು ಎಂದು ಹೇಳಿ ಮುಗಿಸುತ್ತವೆ. ಸೈನ್ಯ ಹಾದುಹೋದ ಹೊಲ ಹೇಗಿರುತ್ತದೆಂದು ಹೇಳುವುದಿಲ್ಲ.

ಇದಕ್ಕಿಂತ ವಿಚಿತ್ರ ಸಾಲ್ಮೊನೆಲ್ಲಾದ ಕಥೆ. ಕೆಟ್ಟ ಆಹಾರದಿಂದ ಭೇದಿ ತರುವ ಸಾಲ್ಮೊನೆಲ್ಲಾ ಬೇಕೆಂದೇ ಉರಿಯೂತ ಎಬ್ಬಿಸುತ್ತದೆ. ನ್ಯೂಟ್ರೊಫಿಲ್‌ಗಳು ಉಗುಳುವ ತೀಕ್ಷ್ಣ ಆಮ್ಲಜನಕ ಸಂಯುಕ್ತಗಳು ಕರುಳಿನ ಗಂಧಕದ ವಸ್ತುವೊಂದನ್ನು ಟೆಟ್ರಾಥಯೊನೇಟ್ ಆಗಿ ಮಾರ್ಪಡಿಸುತ್ತವೆ. ಬೇರೆ ಬ್ಯಾಕ್ಟೀರಿಯಾಗಳಿಗೆ ಅದು ಕೆಲಸಕ್ಕೆ ಬಾರದು. ಸಾಲ್ಮೊನೆಲ್ಲಾ ಅದನ್ನೇ ಉಸಿರಾಟಕ್ಕೆ ಬಳಸಿ ಉಳಿದವನ್ನು ಹಿಂದಿಕ್ಕಿ ಬೆಳೆಯುತ್ತದೆ. ಇದು ತಿಳಿದದ್ದು 2010ರಲ್ಲಿ. ಅದರ ದಾಯಾದಿಯಾದ ಟೈಫಾಯ್ಡ್ ಬ್ಯಾಕ್ಟೀರಿಯಾ ಇದಕ್ಕೆ ತದ್ವಿರುದ್ಧ. ಅದು ಸದ್ದು ಮಾಡುವುದೇ ಇಲ್ಲ. ಮೈಮೇಲೆ ಸಕ್ಕರೆಯ ಮುಸುಕು ಹೊದ್ದು ಗ್ರಾಹಕಗಳ ಕಣ್ಣು ತಪ್ಪಿಸಿ, ಮ್ಯಾಕ್ರೊಫೇಜ್‌ನ ಹೊಟ್ಟೆಯಲ್ಲೇ ಕುಳಿತು ಗುಲ್ಮ, ಯಕೃತ್ತು, ಮಜ್ಜೆಗಳಿಗೆ ಸವಾರಿ ಮಾಡುತ್ತದೆ. ಆದ್ದರಿಂದಲೇ ಟೈಫಾಯ್ಡ್‌ನಲ್ಲಿ ಶುರುವಿಗೆ ಭೇದಿಗಿಂತ ಏರುತ್ತ ಹೋಗುವ ಜ್ವರವೇ ಮುಖ್ಯ. ಉರಿಯೂತ ತಡವಾಗಿ ಏಳುತ್ತದೆ. ಚಿಕಿತ್ಸೆಯಿಲ್ಲದೆ ಮೂರನೆಯ ವಾರಕ್ಕೆ ಬಂದರೆ ಸಣ್ಣ ಕರುಳಿನ ಹುಣ್ಣು ತೂತಾಗುವ ಭಯ. ಓಲ್ಗಾ ಮೆಚ್ನಿಕಾಫ್ ದಾಟಿ ಬಂದದ್ದು ಇಂಥ ವಾರಗಳನ್ನು. ಬಿಳಿ ಕಣದೊಳಗೆ ರೋಗಾಣು ಸವಾರಿ ಮಾಡುತ್ತದೆ ಎಂದ ಹಳೆಯ ವೈದ್ಯರ ಮಾತು ಈ ಒಂದು ಕಡೆ ನಿಜವೇ ಆಗಿತ್ತು.

ಕಾಲರಾ ಮತ್ತೊಂದು ಬಗೆ. ಅಲ್ಲಿ ರೋಗಾಣು ಗೋಡೆ ದಾಟುವುದೇ ಇಲ್ಲ. ವಿಷವೊಂದನ್ನು ಬಿಟ್ಟು ಕರುಳಿನ ಕೋಶಗಳ ನಲ್ಲಿ ತೆರೆಸಿಬಿಡುತ್ತದೆ. ಉರಿಯೂತ ಅತ್ಯಲ್ಪ, ರಕ್ತವಿಲ್ಲ, ಅಕ್ಕಿ ತೊಳೆದ ನೀರಿನಂಥ ಭೇದಿ. ಆ ವಿಷ ಇದೆಯೆಂದು 1959ರಲ್ಲಿ ಮೊಲದ ಕರುಳಿನಲ್ಲಿ ತೋರಿಸಿದವರು ಕಲ್ಕತ್ತಾದ ಶಂಭುನಾಥ ದೇ. ಮೆಚ್ನಿಕಾಫ್‌ಗೆ ಇದು ತಿಳಿದಿದ್ದರೆ ಅವರ ಬದುಕಿನ ಒಂದು ಭಯಾನಕ ಪ್ರಯೋಗ ನಡೆಯುತ್ತಲೇ ಇರಲಿಲ್ಲವೇನೋ.

1892ರಲ್ಲಿ ಯುರೋಪಿಗೆ ಕಾಲರಾ ಬಂದಿತ್ತು. ಕಾಕ್ ಗುರುತಿಸಿದ ಬ್ಯಾಕ್ಟೀರಿಯಾ ನಿಜಕ್ಕೂ ಕಾಲರಾ ತರುತ್ತದೆಯೇ ಎಂಬ ಬಗ್ಗೆ ಆಗ ವಾದವಿತ್ತು. ಮ್ಯೂನಿಕ್‌ನ ಪೆಟೆನ್‌ಕೋಫರ್ ಎಂಬ ವೃದ್ಧ ವಿಜ್ಞಾನಿ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಕುಡಿದು ಬದುಕಿದ್ದರು. ಮೆಚ್ನಿಕಾಫ್ ಕೂಡ ಕುಡಿದರು, ಏನೂ ಆಗಲಿಲ್ಲ. ಪ್ರಯೋಗಾಲಯದ ಇನ್ನೊಬ್ಬರು ಕುಡಿದರು, ಅವರಿಗೂ ಆಗಲಿಲ್ಲ. ಮುಂದೆ ಬಂದ ಮತ್ತೊಬ್ಬ ಯುವಕ ಮಾತ್ರ ಸಾಯುವ ಸ್ಥಿತಿಗೆ ಹೋಗಿ ಹೇಗೋ ಉಳಿದ. ಈ ಪ್ರಯೋಗವನ್ನು ಧೈರ್ಯ ಎಂದು ಹೊಗಳುವವರಿದ್ದಾರೆ. ತನ್ನ ಮೇಲೆ ಮಾಡಿಕೊಂಡದ್ದು ಧೈರ್ಯವಿರಬಹುದು, ಆ ಯುವಕನಿಗೆ ಕುಡಿಯಲು ಬಿಟ್ಟದ್ದು ಧೈರ್ಯವಲ್ಲ. ಮೆಚ್ನಿಕಾಫ್ ಅದರಿಂದ ಬಹಳ ನೊಂದರು. ಆದರೆ ಒಂದು ಪ್ರಶ್ನೆ ಅವರ ಕೈಗೆ ಸಿಕ್ಕಿತು: ಒಂದೇ ರೋಗಾಣು ಒಬ್ಬನನ್ನು ಮಲಗಿಸಿ ಇನ್ನೊಬ್ಬನನ್ನು ಬಿಡುವುದೇಕೆ? ಕರುಳಿನಲ್ಲಿ ಮೊದಲೇ ಇರುವ ಬೇರೆ ಬ್ಯಾಕ್ಟೀರಿಯಾಗಳು ಕೆಲವರಲ್ಲಿ ಅದನ್ನು ತಡೆಯುತ್ತವೆ, ಕೆಲವರಲ್ಲಿ ಅದಕ್ಕೆ ಅನುಕೂಲ ಮಾಡುತ್ತವೆ ಎಂಬ ಉತ್ತರಕ್ಕೆ ಅವರು ಬಂದರು. ನೂರು ವರ್ಷ ಮುಂಚಿನ ಮಾತು ಅದು.

ಅದೇ ವರ್ಷ ಅದೇ ಕಟ್ಟಡದಲ್ಲಿ ಮೆಚ್ನಿಕಾಫರ ಹಳೆಯ ವಿದ್ಯಾರ್ಥಿಯೊಬ್ಬರು ಕಾಲರಾ ಲಸಿಕೆಯನ್ನು ತಯಾರಿಸಿ ಜುಲೈ 18ರಂದು ತಮಗೇ ಚುಚ್ಚಿಕೊಂಡರು. ವಾಲ್ಡೆಮಾರ್ ಹಾಫ್‌ಕಿನ್ ಎಂದು ಅವರ ಹೆಸರು. ಒಡೆಸ್ಸಾದಲ್ಲಿ ಓದುವಾಗ ಚಳವಳಿಗೆ ಸೇರಿ ಜೈಲು ಕಂಡಿದ್ದ ಈ ಯಹೂದಿ ಯುವಕನಿಗೆ ಪ್ಯಾರಿಸ್ಸಿನಲ್ಲಿ ಮೊದಲು ಸಿಕ್ಕಿದ್ದು ಗ್ರಂಥಾಲಯದ ಕೆಲಸ. 1893ರಲ್ಲಿ ಅವರು ಭಾರತಕ್ಕೆ ಬಂದು ಸಾವಿರಾರು ಜನರಿಗೆ ಕಾಲರಾ ಲಸಿಕೆ ಹಾಕಿದರು. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದಾಗ ಅದಕ್ಕೂ ಲಸಿಕೆ ಮಾಡಿ 1897ರ ಜನವರಿ 10ರಂದು ಮತ್ತೆ ಮೊದಲು ತಮಗೇ ಚುಚ್ಚಿಕೊಂಡರು. ಚುಚ್ಚಿದ ಕಡೆ ಊತ, ನೋವು, ಮೇಲೆ ಜ್ವರ. ಗುರುವಿನ ಉರಿಯೂತ ಶಿಷ್ಯನ ತೋಳಿನಲ್ಲಿ ಎದ್ದಿತ್ತು. ಜನ ಲಸಿಕೆಗೆ ಹೆದರುತ್ತಿದ್ದ ಆ ಕಾಲದಲ್ಲಿ ಇಪ್ಪತ್ತು ವರ್ಷದ ಮೂರನೆಯ ಆಗಾ ಖಾನ್ ಎಲ್ಲರೆದುರು ತಾವೇ ಲಸಿಕೆ ಹಾಕಿಸಿಕೊಂಡರು. ಅವರನ್ನು ನೋಡಿ ಮುಂಬಯಿಯ ಖೋಜಾ ಮುಸ್ಲಿಮರು ಸಾವಿರಗಟ್ಟಲೆ ಮುಂದೆ ಬಂದರು. ಹಾಫ್‌ಕಿನ್‌ಗೆ ಪ್ರಯೋಗಾಲಯಕ್ಕೆಂದು ತಮ್ಮ ಬಂಗಲೆಯೊಂದನ್ನೂ ಆಗಾ ಖಾನ್ ಬಿಟ್ಟುಕೊಟ್ಟರು. ಅಲ್ಲಿಂದ ಲಸಿಕೆ ನಮ್ಮ ಸೀಮೆಗೂ ಬಂತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗ್ ಜೋರಾದಾಗ ಲ್ಯೂಮನ್ ಎಂಬ ಸರ್ಜನ್ ಹತ್ತಾರು ಸಾವಿರ ಜನರಿಗೆ ಇದೇ ಲಸಿಕೆ ಹಾಕಿದರು. ಲಸಿಕೆಯ ಬಲವನ್ನು ಜಗತ್ತಿಗೆ ತೋರಿಸಲು ಹುಬ್ಬಳ್ಳಿಯ ಲೆಕ್ಕವನ್ನೇ ಉದಾಹರಿಸುತ್ತಿದ್ದರು. ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರಿನ ಹೆಸರು 1957ರಲ್ಲಿ ಮಂಗನ ಕಾಯಿಲೆಯಿಂದ ಸೇರಿತು. ಅದಕ್ಕೆ ಅರವತ್ತು ವರ್ಷ ಮುಂಚೆ ಸೇರಿದ ಹುಬ್ಬಳ್ಳಿಯ ಹೆಸರು ಈಗ ಯಾರಿಗೂ ನೆನಪಿಲ್ಲ.

ಇತ್ತ ಪ್ಯಾರಿಸ್ಸಿನಲ್ಲಿ ಮೆಚ್ನಿಕಾಫ್‌ಗೆ ಹೊಡೆತಗಳ ಮೇಲೆ ಹೊಡೆತ. 1890ರಲ್ಲಿ ಬರ್ಲಿನ್ನಿನ ಬೇರಿಂಗ್ ಮತ್ತು ಕಿಟಾಸಾಟೊ, ರೋಗದ ವಿಷವನ್ನು ಕಳೆಯುವ ಶಕ್ತಿ ರಕ್ತದ ದ್ರವದಲ್ಲೇ ಇದೆಯೆಂದು ತೋರಿಸಿದರು. 1894ರಲ್ಲಿ ಫೈಫರ್, ಲಸಿಕೆ ಹಾಕಿದ ಗಿನಿ ಇಲಿಯ ಹೊಟ್ಟೆಯೊಳಗೆ ಕಾಲರಾ ಬ್ಯಾಕ್ಟೀರಿಯಾಗಳು ಯಾವ ಕೋಶವೂ ಮುಟ್ಟದೆ ಕರಗುವುದನ್ನು ತೋರಿಸಿದರು. ಜರ್ಮನರೆಲ್ಲ ದ್ರವದ ಕಡೆ, ಫ್ರೆಂಚರು ಕೋಶದ ಕಡೆ. ವಿಜ್ಞಾನಕ್ಕೆ ದೇಶಾಭಿಮಾನವೂ ಬೆರೆತಿತ್ತು. ಮೆಚ್ನಿಕಾಫ್ ಸಮ್ಮೇಳನಗಳಲ್ಲಿ ಕೂದಲು ಕೆದರಿಕೊಂಡು ಆವೇಶದಿಂದ ವಾದಿಸುತ್ತಿದ್ದರು. ಆದರೆ ಗಮನಿಸಬೇಕಾದ್ದು ಇದು: ದ್ರವದ ಪಕ್ಷಕ್ಕೆ ಬಲ ಕೊಟ್ಟ ಕಾಂಪ್ಲಿಮೆಂಟ್ ಎಂಬ ವಸ್ತುವನ್ನು 1895ರ ಸುಮಾರಿಗೆ ಕಂಡುಹಿಡಿದ ಬೋರ್ಡೆ ಕೆಲಸ ಮಾಡುತ್ತಿದ್ದದ್ದು ಮೆಚ್ನಿಕಾಫರ ಪ್ರಯೋಗಾಲಯದಲ್ಲೇ. ತನ್ನ ಸಿದ್ಧಾಂತಕ್ಕೆ ವಿರುದ್ಧ ಹೋಗುವ ಫಲಿತಾಂಶವನ್ನು ತನ್ನ ಶಿಷ್ಯನೇ ಪ್ರಕಟಿಸಲು ಅವರು ಅಡ್ಡಿಯಾಗಲಿಲ್ಲ. 1903ರಲ್ಲಿ ಲಂಡನ್ನಿನ ಆಲ್ಮ್ರೋತ್ ರೈಟ್, ರಕ್ತದ ದ್ರವದಲ್ಲಿರುವ ವಸ್ತುಗಳು ಬ್ಯಾಕ್ಟೀರಿಯಾಗಳಿಗೆ ಮೆತ್ತಿಕೊಂಡು ಅವನ್ನು ಭಕ್ಷಕ ಕೋಶಗಳಿಗೆ ರುಚಿಕರ ಮಾಡುತ್ತವೆಂದು ತೋರಿಸಿದಾಗ ಎರಡು ಪಕ್ಷಗಳೂ ಸರಿಯೆಂದಾಯಿತು. 1908ರ ನೊಬೆಲ್ ಬಹುಮಾನವನ್ನು ಕೋಶದ ಮೆಚ್ನಿಕಾಫ್‌ಗೂ ದ್ರವದ ಪಾಲ್ ಎರ್ಲಿಕ್‌ಗೂ ಹಂಚಿದರು.

ಕೊನೆಯ ಕಾಲದಲ್ಲಿ ಅವರ ಮನಸ್ಸನ್ನು ಹಿಡಿದದ್ದು ಮುಪ್ಪು. ದೊಡ್ಡ ಕರುಳಿನಲ್ಲಿ ಕೊಳೆಸುವ ಬ್ಯಾಕ್ಟೀರಿಯಾಗಳ ವಿಷವೇ ಮುಪ್ಪಿಗೆ ಕಾರಣ, ಹುಳಿ ಹಾಲಿನಲ್ಲಿರುವ ಬ್ಯಾಕ್ಟೀರಿಯಾಗಳು ಅವನ್ನು ಹತ್ತಿಕ್ಕುತ್ತವೆ ಎಂದು ನಂಬಿದರು. ಬಲ್ಗೇರಿಯಾದ ರೈತರು ಮೊಸರು ತಿಂದು ಬಹುಕಾಲ ಬದುಕುತ್ತಾರೆಂಬ ಸುದ್ದಿ ಅವರಿಗೆ ಹಿಡಿಸಿತ್ತು. 1904ರಲ್ಲಿ ಈ ಬಗ್ಗೆ ಉಪನ್ಯಾಸ ಕೊಟ್ಟದ್ದೇ ತಡ, ಪ್ಯಾರಿಸ್ಸಿನಲ್ಲಿ ಮೊಸರಿಗೆ ಎಲ್ಲಿಲ್ಲದ ಬೇಡಿಕೆ. ಊಟದ ಕೊನೆಗೆ ಮಜ್ಜಿಗೆ ಇಲ್ಲದಿದ್ದರೆ ಎಲೆ ಬಿಟ್ಟು ಏಳದ ನಮ್ಮ ಸೀಮೆಯವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಆದರೆ ಅವರು ಸಾಕ್ಷ್ಯಕ್ಕಿಂತ ಮುಂದೆ ಓಡಿದ್ದರೆಂಬುದೂ ನಿಜ. ಅವರು ಹೇಳಿದ ಬಲ್ಗೇರಿಯಾದ ಬ್ಯಾಕ್ಟೀರಿಯಾ ಮನುಷ್ಯನ ಕರುಳಿನಲ್ಲಿ ನೆಲೆಸುವುದಿಲ್ಲವೆಂದು ಆಮೇಲೆ ತಿಳಿಯಿತು. ದೊಡ್ಡ ಕರುಳು ಬೇಡದ ಅಂಗ ಎಂಬ ವಿಚಾರವನ್ನು ಹಿಡಿದು ಲಂಡನ್ನಿನ ಆರ್ಬತ್‌ನಾಟ್ ಲೇನ್ ಎಂಬ ಶಸ್ತ್ರವೈದ್ಯ ರೋಗಿಗಳ ಕರುಳನ್ನೇ ಕತ್ತರಿಸಿ ತೆಗೆದದ್ದೂ ಉಂಟು. ಮೊಸರು ಒಳ್ಳೆಯ ಆಹಾರ. ಟೈಫಾಯ್ಡ್‌ಗೋ ರಕ್ತಭೇದಿಗೋ ಅದು ಔಷಧಿಯಲ್ಲ. ಆದರೂ ಕರುಳಿನ ಬ್ಯಾಕ್ಟೀರಿಯಾಗಳ ಸಮತೋಲಕ್ಕೂ ಆರೋಗ್ಯಕ್ಕೂ ಸಂಬಂಧವಿದೆಯೆಂಬ ಅವರ ಮೂಲ ಮಾತು ಉಳಿಯಿತು. ಆ್ಯಂಟಿಬಯೋಟಿಕ್ ಕೊಟ್ಟು ಇಲಿಯ ಕರುಳಿನ ಬಾಡಿಗೆದಾರರನ್ನು ಖಾಲಿ ಮಾಡಿದರೆ ಸಾಲ್ಮೊನೆಲ್ಲಾ ಸುಲಭವಾಗಿ ಉರಿಯೂತ ಎಬ್ಬಿಸುತ್ತದೆಂದು ಈಗಿನ ಪ್ರಯೋಗಗಳು ತೋರಿಸಿವೆ.

1914ರಲ್ಲಿ ಮಹಾಯುದ್ಧ ಶುರುವಾಯಿತು. ಪ್ರಯೋಗಾಲಯದ ಹುಡುಗರೆಲ್ಲ ಸೈನ್ಯಕ್ಕೆ ಹೋದರು, ಪ್ರಯೋಗದ ಪ್ರಾಣಿಗಳನ್ನು ಸಾಕುವುದೂ ಕಷ್ಟವಾಯಿತು. ಕೋಶಗಳ ಯುದ್ಧವನ್ನು ಇಡೀ ಜೀವಮಾನ ನೋಡಿದ್ದ ವೃದ್ಧರಿಗೆ ಮನುಷ್ಯರ ಯುದ್ಧ ಅರ್ಥವಾಗಲಿಲ್ಲ. ಹೃದಯ ದುರ್ಬಲವಾಗಿತ್ತು. ಕೊನೆಯ ತಿಂಗಳುಗಳಲ್ಲಿ ಅವರನ್ನು ಪಾಶ್ಚರ್ ಸಂಸ್ಥೆಯ ಒಳಗೇ, ಹಿಂದೆ ಪಾಶ್ಚರ್ ವಾಸಿಸುತ್ತಿದ್ದ ಕೋಣೆಗಳಿಗೆ ತಂದು ಆರೈಕೆ ಮಾಡಿದರು. ತಮ್ಮ ಕಾಯಿಲೆಯ ಲಕ್ಷಣಗಳನ್ನು ತಾವೇ ಬರೆದಿಡುತ್ತಿದ್ದರು. ತಾನು ಸತ್ತ ಮೇಲೆ ಶವಪರೀಕ್ಷೆ ಮಾಡಿ, ಕರುಳನ್ನು ಮಾತ್ರ ಎಚ್ಚರಿಕೆಯಿಂದ ನೋಡಬೇಕೆಂದು ಜೊತೆಯ ವೈದ್ಯರೊಬ್ಬರಿಂದ ಮಾತು ತೆಗೆದುಕೊಂಡಿದ್ದರು. 1916ರ ಜುಲೈ 15ರಂದು, ಎಪ್ಪತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡರು. ಓಲ್ಗಾ ಬರೆದ ಜೀವನಚರಿತ್ರೆ ನಾಲ್ಕು ವರ್ಷದ ನಂತರ ಪ್ರಕಟವಾಯಿತು. ಮೆಚ್ನಿಕಾಫರ ಚಿತಾಭಸ್ಮವನ್ನು ಅವರ ಇಚ್ಛೆಯಂತೆ ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಇಟ್ಟರು.